ಮನೆಯಲ್ಲೇ ಕಟ್ಟುತ್ತಿರುವ ಸೆವೆನ್ ಮಾದರಿಯ ಕಾರಿಗೆ ಯಾವ ಸ್ಟೀರಿಂಗ್ ರ‍್ಯಾಕ್ ಸೂಕ್ತ?

ಕಾವೆಂಟ್ರಿ ಕನ್ನಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಲೋಟಸ್ ಸೆವೆನ್ ಮಾದರಿಯ, ಎರಡೇ ಸೀಟಿನ ತೆರೆದ ಕಾರೊಂದನ್ನು ಕಟ್ಟುತ್ತಿದ್ದೇನೆ. ಇಲ್ಲಿ ಇಂಥ ಕಾರುಗಳನ್ನು ಲೋಕಾಸ್ಟ್ ಎಂದು ಕರೆಯುವ ರೂಢಿಯಿದೆ. ಒಂದಿಂಚಿನ ಚೌಕ ಪೈಪುಗಳ ಚಾಸಿಗೆ ವೆಲ್ಡಿಂಗ್ ಮುಗಿದಿದೆ. ಚಕ್ರವನ್ನು ಚಾಸಿಗೆ ಸೇರಿಸುವ ತೋಳುಗಳಾದ ಮುಂದಿನ ವಿಶ್‌ಬೋನ್‌ಗಳ ಬ್ರ್ಯಾಕೆಟ್‌ಗಳನ್ನು ಮಾತ್ರ ಟ್ಯಾಕ್ ಹಾಕಿ, ಅಂದರೆ ಚುಕ್ಕೆ ಬೆಸುಗೆಯಲ್ಲಿ ತಾತ್ಕಾಲಿಕವಾಗಿ, ನಿಲ್ಲಿಸಿದ್ದೇನೆ. ಅಪ್‌ರೈಟ್‌ಗಳು (ಚಕ್ರದ ಹಬ್ ಕೂರುವ ನೆಟ್ಟನೆಯ ಭಾಗಗಳು) ಫೋರ್ಡ್ ಕಾರ್ಟಿನಾದವು, ಅವುಗಳ ಸ್ಟೀರಿಂಗ್ ಆರ್ಮ್ ಆಕ್ಸಲ್‌ಗಿಂತ ಮುಂದಕ್ಕೆ ಚಾಚಿಕೊಂಡಿದೆ. ಎಂಜಿನ್ ಫೋರ್ಡ್ ಜೆಟೆಕ್. ಕಾರು ಪೂರ್ಣವಾದಾಗ ತೂಕ 600 ಕಿಲೋ ದಾಟಬಾರದೆಂಬುದು ನನ್ನ ಗುರಿ.

ಸ್ಟೀರಿಂಗ್ ರ‍್ಯಾಕ್ (ಸ್ಟೀರಿಂಗ್ ತಿರುಗಿಸಿದಾಗ ಹಲ್ಲಿನ ದಂಡವನ್ನು ಪಕ್ಕಕ್ಕೆ ಸರಿಸಿ ಚಕ್ರಗಳನ್ನು ತಿರುಗಿಸುವ ಭಾಗ) ಆರಿಸುವ ಹಂತಕ್ಕೆ ಬಂದು ಈಗ ಕೆಲಸ ನಿಂತಿದೆ. ಈ ಬಗೆಯ ಕಾರು ಕಟ್ಟುವವರಲ್ಲಿ ಹೆಚ್ಚಿನವರು ಬಳಸುವುದು ಎರಡನೇ ತಲೆಮಾರಿನ ಫೋರ್ಡ್ ಎಸ್ಕಾರ್ಟ್‌ನ ರ‍್ಯಾಕ್. ಆ ಕಾರು 1980ರಲ್ಲೇ ನಿಂತುಹೋಗಿದ್ದರೂ ಅದರ ರ‍್ಯಾಕ್ ಇಂದಿಗೂ ಹೊಸದಾಗಿ ತಯಾರಾಗಿ ಸಿಗುತ್ತಿದೆ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸ್ಟೀರಿಂಗ್ ಅನ್ನು ಸುಮಾರು ಮೂರೂವರೆ ಸುತ್ತು ತಿರುಗಿಸಬೇಕು. ಅದೇ ರ‍್ಯಾಕ್ ರ‍್ಯಾಲಿ ಓಡಿಸುವವರಿಗಾಗಿ 2.9 ಸುತ್ತಿನದಾಗಿಯೂ 2.4 ಸುತ್ತಿನದಾಗಿಯೂ ದೊರೆಯುತ್ತದೆ, ಬೆಲೆ ಮಾತ್ರ ಹೆಚ್ಚು. ಇವುಗಳ ನಡುವೆ ಪರಿಚಿತರೊಬ್ಬರು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಕಾರಿನಿಂದ ಬಿಚ್ಚಿದ ಪವರ್ ಸ್ಟೀರಿಂಗ್ ರ‍್ಯಾಕ್ ಒಂದನ್ನು ಹಣವಿಲ್ಲದೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದು ಸುಮಾರು 2.8 ಸುತ್ತಿನದು.

ಕಾರನ್ನು ಭಾನುವಾರಗಳಂದು ಹಳ್ಳಿ ರಸ್ತೆಗಳಲ್ಲಿ ಓಡಿಸುವ, ಆಗೊಮ್ಮೆ ಈಗೊಮ್ಮೆ ಮ್ಯಾಲರಿ ಪಾರ್ಕ್‌ನಂಥ ಟ್ರ್ಯಾಕಿಗೆ ಒಯ್ಯುವ ಆಸೆಯಿದೆ. ಅಲ್ಲಿನ ಶಾಸ್ ಹೇರ್‌ಪಿನ್ ತೀರಾ ಬಿಗಿಯಾದ ತಿರುವಾದ್ದರಿಂದ ಸ್ಟೀರಿಂಗ್ ಚುರುಕಾಗಿರಬೇಕೆಂದು ಮನಸ್ಸು 2.4ರ ಕಡೆಗೆ ವಾಲುತ್ತಿದೆ. ರಸ್ತೆಗಿಳಿಸುವ ಮೊದಲು, ಇಲ್ಲಿ ಹೀಗೆ ಬಿಡಿಯಾಗಿ ಕಟ್ಟಿದ ಕಾರುಗಳಿಗೆ ನಡೆಸುವ ಐವಿಎ ಎಂಬ ಸರಕಾರಿ ಪರೀಕ್ಷೆಯಲ್ಲೂ ಪಾಸಾಗಬೇಕು. ಇವುಗಳಲ್ಲಿ ಯಾವುದನ್ನು ಆರಿಸುವುದು ಸರಿ? ಎಂಎಕ್ಸ್-5 ರ‍್ಯಾಕನ್ನು ಪವರ್ ಇಲ್ಲದೆ ಬಳಸಬಹುದೇ?

ಹಳೇ ಸ್ಪ್ಯಾನರ್

ನಮಸ್ಕಾರ. ನಾನು ಲೆಸ್ಟರ್‌ನಲ್ಲಿದ್ದೇನೆ, ಇದೇ ಬಗೆಯ ಕಾರನ್ನು ಕಟ್ಟಿ ಓಡಿಸುತ್ತಿದ್ದೇನೆ. ನಿಮ್ಮ ಪ್ರಶ್ನೆಯನ್ನು ಓದಿದಾಗ ಮೊದಲು ಹೇಳಬೇಕೆನಿಸಿದ್ದು ಏನೆಂದರೆ, ಸುತ್ತುಗಳ ಲೆಕ್ಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸುತ್ತು ಹೆಚ್ಚೋ ಕಡಿಮೆಯೋ ಆದರೆ ಕೈ ಹೊಂದಿಕೊಳ್ಳುತ್ತದೆ. ಆದರೆ ರ‍್ಯಾಕ್‌ನ ಅಗಲ ತಪ್ಪಿದರೆ, ಉಬ್ಬು ತಗ್ಗು ಬಂದಾಗಲೆಲ್ಲ ನೀವು ಸ್ಟೀರಿಂಗ್ ಅಲ್ಲಾಡಿಸದೆಯೇ ಚಕ್ರಗಳು ತಾವಾಗಿ ತಿರುಗುತ್ತವೆ. ಇದನ್ನೇ ಬಂಪ್ ಸ್ಟಿಯರ್ ಎನ್ನುವುದು. 600 ಕಿಲೋ ತೂಕದ, ಗಟ್ಟಿ ಸ್ಪ್ರಿಂಗಿನ ಕಾರು ಇಂಗ್ಲೆಂಡಿನ ಹಳ್ಳಿ ರಸ್ತೆಯಲ್ಲಿ ಹೀಗೆ ನಡೆದುಕೊಂಡರೆ ಓಡಿಸುವ ಸುಖವೇ ಉಳಿಯುವುದಿಲ್ಲ.

ಅಗಲ ಎಂದಾಗ ನಾನು ಹೇಳುತ್ತಿರುವುದು ರ‍್ಯಾಕ್‌ನ ಒಟ್ಟು ಉದ್ದವನ್ನಲ್ಲ. ತುದಿಗಳನ್ನು ಮುಚ್ಚುವ ರಬ್ಬರ್ ಗೇಟರ್‌ಗಳ ಒಳಗೆ, ಚಕ್ರಗಳನ್ನು ಎಳೆದು ತಳ್ಳುವ ಟೈ ರಾಡ್‌ಗಳು ರ‍್ಯಾಕ್ ದಂಡಕ್ಕೆ ಸೇರುವಲ್ಲಿ ಎರಡು ಬಾಲ್ ಜಾಯಿಂಟ್‌ಗಳಿರುತ್ತವೆ. ಅವುಗಳ ನಡುಬಿಂದುಗಳ ನಡುವಿನ ಅಂತರವೇ ಇಲ್ಲಿ ಲೆಕ್ಕಕ್ಕೆ ಬರುವ ಅಳತೆ. ಕಾರನ್ನು ಮುಂದಿನಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. ಮೇಲಿನ ವಿಶ್‌ಬೋನ್‌ನ ರೇಖೆಯನ್ನೂ ಕೆಳಗಿನ ವಿಶ್‌ಬೋನ್‌ನ ರೇಖೆಯನ್ನೂ ಒಳಮುಖವಾಗಿ ಚಾಚಿದರೆ ಅವು ಎಲ್ಲೋ ಒಂದೆಡೆ ಕೂಡುತ್ತವೆ. ಟೈ ರಾಡ್‌ನ ರೇಖೆಯೂ ಅದೇ ಬಿಂದುವಿನ ಕಡೆಗೆ ಹೋಗಬೇಕು. ಜೊತೆಗೆ, ಟೈ ರಾಡ್‌ನ ಹೊರತುದಿ ಅಪ್‌ರೈಟ್‌ನ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟ್‌ಗಳನ್ನು ಸೇರಿಸುವ ರೇಖೆಯ ಮೇಲಿದ್ದರೆ, ಅದರ ಒಳತುದಿ ವಿಶ್‌ಬೋನ್‌ಗಳ ಒಳಗಿನ ಪಿವಟ್‌ಗಳನ್ನು ಸೇರಿಸುವ ರೇಖೆಯ ಮೇಲೆ ಬರಬೇಕು. ಹೊರತುದಿ ಆ ರೇಖೆಯಿಂದ ಎಷ್ಟು ಸರಿದಿದೆಯೋ ಒಳತುದಿಯೂ ಸರಿಸುಮಾರು ಅಷ್ಟೇ ಸರಿಯಬೇಕಾಗುತ್ತದೆ.

ಇದಕ್ಕೆ ಕಂಪ್ಯೂಟರ್ ಬೇಕೇ ಬೇಕೆಂದಿಲ್ಲ. ಚಾಸಿಯ ಮೂತಿಯ ಮುಂದೆ ಒಂದು ದೊಡ್ಡ ಪ್ಲೈವುಡ್ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಪ್ರತಿ ಪಿವಟ್‌ನ ಸ್ಥಾನವನ್ನು ಗುಂಡು ದಾರ ಮತ್ತು ಮಟ್ಟಗೋಲಿನ ನೆರವಿನಿಂದ ಹಲಗೆಯ ಮೇಲೆ ಗುರುತಿಸಿ, ನಿಜವಾದ ಅಳತೆಯಲ್ಲೇ ರೇಖೆಗಳನ್ನೆಳೆಯಿರಿ. ಕಾರು ತನ್ನ ಓಟದ ಎತ್ತರದಲ್ಲಿರಬೇಕು, ಅಂದರೆ ಸ್ಪ್ರಿಂಗ್ ಬದಲು ಸರಿಯಾದ ಉದ್ದದ ಕಬ್ಬಿಣದ ಪಟ್ಟಿಯನ್ನು ಬೋಲ್ಟ್ ಮಾಡಿ ಚಕ್ರವನ್ನು ಅದರ ಜಾಗದಲ್ಲಿ ನಿಲ್ಲಿಸಿರಬೇಕು. ಪೆನ್ಸಿಲ್ ಗೆರೆಯೇ ನಿಮಗೆ ಬೇಕಾದ ರ‍್ಯಾಕ್‌ನ ಅಗಲವನ್ನೂ ಎತ್ತರವನ್ನೂ ಹೇಳುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಎಂಎಕ್ಸ್-5 ರ‍್ಯಾಕ್ ನಿಮಗೆ ಒಗ್ಗುವುದು ಕಷ್ಟ. ಅದು ಒಳ್ಳೆಯ ರ‍್ಯಾಕೇ, ಅನುಮಾನವಿಲ್ಲ; ಆದರೆ ಅದು ಎಂಎಕ್ಸ್-5ರ ಸಬ್‌ಫ್ರೇಮ್‌ಗೆ, ಆ ಕಾರಿನ ವಿಶ್‌ಬೋನ್ ಬಿಂದುಗಳಿಗೆ ಹೊಂದುವಂತೆ ಮಾಡಿದ್ದು. ಎಂಎಕ್ಸ್-5ರ ಸಬ್‌ಫ್ರೇಮನ್ನೇ ಇಡಿಯಾಗಿ ಬಳಸುವ ಕಿಟ್ ಕಾರುಗಳಿವೆ, ಅವುಗಳಲ್ಲಿ ಅದು ಸಹಜವಾಗಿ ಕೂರುತ್ತದೆ. ನಿಮ್ಮ ಚಾಸಿಯ ಕಿರಿದಾದ ಮೂತಿಗೂ ಕಾರ್ಟಿನಾ ಅಪ್‌ರೈಟ್‌ಗೂ ಜೋಡಿಯಾಗಿ ಬಂದಿರುವುದು ಎಸ್ಕಾರ್ಟ್ ರ‍್ಯಾಕ್. ಪುಕ್ಕಟೆ ಸಿಕ್ಕಿತೆಂದು ರ‍್ಯಾಕ್ ತಂದು ಅದಕ್ಕಾಗಿ ವಿಶ್‌ಬೋನ್ ಬ್ರ್ಯಾಕೆಟ್‌ಗಳನ್ನು ಕಿತ್ತು ಕೂರಿಸುವುದು ದುಬಾರಿಯ ಉಳಿತಾಯ.

ಪೀಣ್ಯದ ಲೇತು

ಹಳೇ ಸ್ಪ್ಯಾನರ್ ಅವರ ಮಾತನ್ನು ಒಪ್ಪುತ್ತೇನೆ. ನಾನು ಬೆಂಗಳೂರಿನ ಪೀಣ್ಯದಲ್ಲಿ ಮೆಷಿನ್ ಶಾಪ್ ನಡೆಸುತ್ತೇನೆ. ಕಾಲೇಜು ತಂಡಗಳ ಫಾರ್ಮುಲಾ ಕಾರುಗಳಿಗಾಗಿ ರ‍್ಯಾಕ್‌ಗಳನ್ನು ಚಿಕ್ಕದು ಮಾಡಿಕೊಡುವ ಕೆಲಸ ಆಗಾಗ ಬರುವುದರಿಂದ ಆ ಕಡೆಯಿಂದ ಕೆಲವು ಮಾತು.

ಪೆನ್ಸಿಲ್ ಗೆರೆ ತೋರಿಸಿದ ಅಗಲಕ್ಕಿಂತ ರ‍್ಯಾಕ್ ಕಿರಿದಾಗಿದ್ದರೆ, ದಂಡದ ತುದಿಗೂ ಬಾಲ್ ಜಾಯಿಂಟ್‌ಗೂ ನಡುವೆ ಎಕ್ಸ್‌ಟೆಂಡರ್ ತುಂಡನ್ನು ತಿರುಚಿ ಸೇರಿಸಬಹುದು. ಎಸ್ಕಾರ್ಟ್ ರ‍್ಯಾಕಿಗೆ ಇವು ಸಿದ್ಧವಾಗಿಯೇ ಸಿಗುತ್ತವೆ. ಅಗಲ ಹೆಚ್ಚಾಗಿದ್ದರೆ ಕೆಲಸ ಗಂಭೀರವಾಗುತ್ತದೆ: ದಂಡವನ್ನು ಹೊರತೆಗೆದು, ಹಲ್ಲಿಲ್ಲದ ಕಡೆ ಕತ್ತರಿಸಿ, ತುದಿಗೆ ಹೊಸದಾಗಿ ಥ್ರೆಡ್ ಕತ್ತರಿಸಬೇಕು. ಹಲ್ಲಿರುವ ಕಡೆಯ ತುದಿಯಲ್ಲಿ ಕತ್ತರಿಸಲು ಜಾಗ ಅಷ್ಟಾಗಿ ಇರುವುದಿಲ್ಲವಾದ್ದರಿಂದ ಎರಡೂ ಬದಿ ಸಮವಾಗಿ ತಗ್ಗಿಸುವುದು ಎಷ್ಟೋ ಸಲ ಸಾಧ್ಯವೇ ಆಗುವುದಿಲ್ಲ. ಆಗ ರ‍್ಯಾಕ್‌ನ ಕವಚವನ್ನು ಒಂದು ಪಕ್ಕಕ್ಕೆ ಸರಿಸಿ ಕೂರಿಸಿ ನಡುವನ್ನು ಹೊಂದಿಸಿಕೊಳ್ಳಬೇಕಾಗುತ್ತದೆ, ಅದರಿಂದ ಒಟ್ಟು ಚಲನೆಯಲ್ಲಿ ಒಂದಷ್ಟು ಕಳೆದುಕೊಳ್ಳಲೂಬೇಕಾಗುತ್ತದೆ. ಯಾವ ಕಾರಣಕ್ಕೂ ದಂಡವನ್ನು ಕತ್ತರಿಸಿ ನಡುವೆ ವೆಲ್ಡ್ ಮಾಡಬೇಡಿ, ಮಾಡಿಕೊಡುತ್ತೇನೆ ಎನ್ನುವವರ ಬಳಿ ಹೋಗಲೂ ಬೇಡಿ. ಆ ಉಕ್ಕು ಹದಗೊಳಿಸಿದ್ದು. ವೆಲ್ಡಿಂಗ್ ಕಾವಿಗೆ ಅದರ ಹದ ಕೆಡುತ್ತದೆ, ಬೆಸುಗೆಯ ಅಂಚಿನಲ್ಲಿ ಬಿರುಕು ಹುಟ್ಟುತ್ತದೆ. ಬ್ರೇಕಿಗಾದರೆ ಎರಡು ಸರ್ಕ್ಯೂಟ್ ಇರುತ್ತವೆ, ಸ್ಟೀರಿಂಗಿಗೆ ಇರುವುದು ಒಂದೇ ದಂಡ.

ಎಂಎಕ್ಸ್-5ರ ಪವರ್ ರ‍್ಯಾಕನ್ನು ಪವರ್ ಇಲ್ಲದೆ ಬಳಸುವ ಬಗ್ಗೆ ಕೇಳಿದ್ದೀರಿ. ಪೈಪುಗಳ ಬಾಯಿಗಳನ್ನು ಒಂದಕ್ಕೊಂದು ಸೇರಿಸಿಬಿಟ್ಟರೆ ಸಾಕು ಎನ್ನುವವರಿದ್ದಾರೆ. ಆದರೆ ದಂಡದ ಮೇಲೆ ಕೂತಿರುವ ಪಿಸ್ಟನ್‌ನ ಸೀಲು ಒಳಗೇ ಉಳಿದರೆ, ತಿರುಗಿಸಿದಾಗಲೆಲ್ಲ ಅದು ಗಾಳಿಯನ್ನೋ ಉಳಿದ ಎಣ್ಣೆಯನ್ನೋ ತಳ್ಳುತ್ತಾ ಕೈಗೆ ಭಾರವಾಗುತ್ತದೆ. ದಂಡದ ಹಲ್ಲುಗಳನ್ನು ಸರಿಸುವ ಚಿಕ್ಕ ಗಿಯರ್ ಆದ ಪಿನಿಯನ್‌ನ ಮೇಲ್ತುದಿಯಲ್ಲಿ, ಎಣ್ಣೆಯ ವಾಲ್ವನ್ನು ತೆರೆಯುವುದಕ್ಕಾಗಿ ಸಣ್ಣಗೆ ತಿರುಚಿಕೊಳ್ಳುವ ಟಾರ್ಷನ್ ಬಾರ್ ಒಂದಿರುತ್ತದೆ. ಪವರ್ ಇಲ್ಲದಾಗ ಆ ತಿರುಚುವಿಕೆ ಸ್ಟೀರಿಂಗ್‌ನ ನಡುವಿನಲ್ಲಿ ಸಡಿಲವಾಗಿ ಕೈಗೆ ಸಿಗುತ್ತದೆ. ಸೀಲನ್ನು ತೆಗೆದು, ಆ ಶಾಫ್ಟನ್ನು ಅಲುಗದಂತೆ ಕೂಡಿಸಿದರೆ ಮಾತ್ರ ಅದು ಸರಿಯಾದ ಮ್ಯಾನುಯಲ್ ರ‍್ಯಾಕ್ ಆಗುತ್ತದೆ. ಇಷ್ಟು ಕೆಲಸದ ಖರ್ಚಿನಲ್ಲಿ ಎಸ್ಕಾರ್ಟ್ ರ‍್ಯಾಕ್ ಮನೆಗೆ ಬರುತ್ತದೆ.

ಹಳೆಯ ರ‍್ಯಾಕ್ ಕೊಳ್ಳುವುದಾದರೆ ಗೇಟರ್‌ನ ಕ್ಲಿಪ್ ಬಿಚ್ಚಿ ಒಳಗೆ ನೋಡದೆ ಹಣ ಕೊಡಬೇಡಿ. ಗ್ರೀಸು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಎಂದರ್ಥ, ಹಲ್ಲುಗಳಲ್ಲಿ ತುಕ್ಕಿನ ಚುಕ್ಕೆಗಳು ಕಂಡರೆ ಆಶ್ಚರ್ಯವಿಲ್ಲ. ಇನ್ನೊಂದು ಪರೀಕ್ಷೆ ಪಿನಿಯನ್ನಿನದು. ಕಾರು ಹೆಚ್ಚು ಹೊತ್ತು ನೇರವಾಗಿಯೇ ಓಡುವುದರಿಂದ ದಂಡದ ನಡುವಿನ ಹಲ್ಲುಗಳು ಮೊದಲು ಸವೆಯುತ್ತವೆ. ಮಾರುವವರು ಆ ಸಡಿಲವನ್ನು ಮರೆಮಾಡಲು ದಂಡವನ್ನು ಪಿನಿಯನ್ನಿಗೆ ಒತ್ತಿಹಿಡಿಯುವ ಕೆಳಗಿನ ಪ್ಯಾಡ್‌ನ ನಟ್ಟನ್ನು ಬಿಗಿದಿರುತ್ತಾರೆ. ಆಗ ನಡುವಿನಲ್ಲಿ ಚೆನ್ನಾಗಿ ತಿರುಗುವ ರ‍್ಯಾಕ್ ಕೊನೆಗಳ ಕಡೆಗೆ ಹೋದಂತೆ ಹಿಡಿಯತೊಡಗುತ್ತದೆ. ಕೈಯಲ್ಲಿ ಹಿಡಿದು ಕೊನೆಯಿಂದ ಕೊನೆಗೆ ನಿಧಾನವಾಗಿ ತಿರುಗಿಸಿದರೆ ಇದು ಗೊತ್ತಾಗದೆ ಇರುವುದಿಲ್ಲ.

ಹುಬ್ಬಳ್ಳಿ ಫಾರ್ಮುಲಾ

ಸರ್, ಇದಕ್ಕೆ ಹೊಂದಿಕೊಂಡ ಒಂದು ಸಂದೇಹ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ನಮ್ಮ ಕಾಲೇಜಿನ ತಂಡ ಕಾರು ತಯಾರಿಸುತ್ತಿದೆ. ನಮಗೆ ಗುಜರಿಯಲ್ಲಿ ಸಿಕ್ಕಿರುವುದು ಮಾರುತಿ 800 ರ‍್ಯಾಕ್. ಆ ಕಾರಿನಲ್ಲಿ ರ‍್ಯಾಕ್ ಆಕ್ಸಲ್‌ಗಿಂತ ಹಿಂದಿರುತ್ತದೆ, ನಮ್ಮ ವಿನ್ಯಾಸದಲ್ಲಿ ಆರ್ಮ್‌ಗಳು ಮುಂದಕ್ಕಿವೆ. ಹಾಗೆಯೇ ಮುಂದೆ ಕೂರಿಸಬಹುದೇ?

ಪೀಣ್ಯದ ಲೇತು

ಹಾಗೆಯೇ ಕೂರಿಸಿದರೆ ಬಲಕ್ಕೆ ತಿರುಗಿಸಿದಾಗ ಕಾರು ಎಡಕ್ಕೆ ಹೋಗುತ್ತದೆ, ತಮ್ಮಾ. ಆರ್ಮ್ ಹಿಂದಿರುವ ಕಾರಿನಲ್ಲಿ ಬಲಕ್ಕೆ ತಿರುಗಲು ದಂಡ ಎಡಕ್ಕೆ ಸರಿಯಬೇಕು, ಆರ್ಮ್ ಮುಂದಿದ್ದರೆ ದಂಡ ಬಲಕ್ಕೆ ಸರಿಯಬೇಕು. ದಿಕ್ಕು ಬದಲಿಸಲು ರ‍್ಯಾಕನ್ನು ಎಡತುದಿ ಬಲಕ್ಕೆ ಬರುವಂತೆ ಮಗುಚಬೇಕು. ಆಗ ದಂಡದ ಮೇಲಿದ್ದ ಪಿನಿಯನ್ ಕೆಳಗಾಗುತ್ತದೆ, ಚಲನೆಯ ದಿಕ್ಕು ಬದಲಾಗುತ್ತದೆ, ಜೊತೆಗೆ ಪಿನಿಯನ್ ಕಾರಿನ ಇನ್ನೊಂದು ಬದಿಗೆ ಹೋಗುತ್ತದೆ. ರಸ್ತೆ ಕಾರಿನಲ್ಲಿ ಇದು ತೊಡಕು. ಬಲಗಡೆ ಚಾಲಕನಿರುವ ಕಾರಿಗೆ ಎಡಗಡೆ ಚಾಲಕನಿರುವ ಕಾರಿನ ರ‍್ಯಾಕ್ ಹುಡುಕಿಕೊಂಡು ಹೋಗಬೇಕಾಗುತ್ತದೆ. ನಿಮ್ಮ ಚಾಲಕ ನಡುವೆ ಕೂರುವುದರಿಂದ ಯಾವ ಬದಿಯಾದರೂ ನಡೆದೀತು. ಮಗುಚಿದ ಮೇಲೆ ಪಿನಿಯನ್‌ನ ಶಾಫ್ಟ್ ನೆಲದ ಕಡೆಗೆ ಬಾಗಿರುತ್ತದೆ, ಕವಚವನ್ನು ಅದರ ಉದ್ದದ ಅಕ್ಷದ ಸುತ್ತ ಉರುಳಿಸಿ ಮೇಲಕ್ಕೆ ತಂದುಕೊಳ್ಳಿ. ಹಾಗೆ ಉರುಳಿಸುವುದರಿಂದ ದಿಕ್ಕು ಬದಲಾಗುವುದಿಲ್ಲ, ಕ್ಲಾಂಪ್‌ಗಳನ್ನು ಮಾತ್ರ ಹೊಸದಾಗಿ ಮಾಡಿಕೊಳ್ಳಬೇಕು.

ಕೋನಮಾಪಕ

ಮೂಲ ಪ್ರಶ್ನೆಯಲ್ಲಿ ಉಳಿದಿರುವುದು ಸುತ್ತುಗಳ ವಿಚಾರ. ಸುತ್ತುಗಳ ಸಂಖ್ಯೆಯೊಂದರಿಂದಲೇ ಸ್ಟೀರಿಂಗ್ ಎಷ್ಟು ಚುರುಕು ಎಂದು ಹೇಳಲಾಗದು, ಏಕೆಂದರೆ ದಂಡದ ಒಟ್ಟು ಚಲನೆ ಕಡಿಮೆಯಿರುವ ರ‍್ಯಾಕಿಗೂ ಸುತ್ತು ಕಡಿಮೆಯಿರುತ್ತದೆ. ಪಿನಿಯನ್ ಒಂದು ಸುತ್ತು ತಿರುಗಿದಾಗ ದಂಡ ಎಷ್ಟು ಮಿಲಿಮೀಟರ್ ಸರಿಯುತ್ತದೆ ಎಂಬುದನ್ನು ಅಳೆಯಿರಿ. ಅಪ್‌ರೈಟ್‌ನಲ್ಲಿ ಚಕ್ರ ತಿರುಗುವ ಅಕ್ಷದಿಂದ ಟೈ ರಾಡ್‌ನ ತುದಿಗಿರುವ ಆರ್ಮ್‌ನ ಉದ್ದವನ್ನೂ ಅಳೆಯಿರಿ. ಆರ್ಮ್‌ನ ಉದ್ದವನ್ನು 6.28ರಿಂದ ಗುಣಿಸಿ, ಒಂದು ಸುತ್ತಿನ ಚಲನೆಯಿಂದ ಭಾಗಿಸಿದರೆ ನೇರ ಓಟದ ಆಸುಪಾಸಿನ ಸ್ಟೀರಿಂಗ್ ಅನುಪಾತ ಸಿಗುತ್ತದೆ.

ಲೆಕ್ಕದ ಅನುಕೂಲಕ್ಕೆ ಆರ್ಮ್ 110 ಮಿಲಿಮೀಟರ್, ದಂಡದ ಒಟ್ಟು ಚಲನೆ 126 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಮೂರೂವರೆ ಸುತ್ತಿನ ರ‍್ಯಾಕ್‌ನಲ್ಲಿ ಒಂದು ಸುತ್ತಿಗೆ 36 ಮಿಲಿಮೀಟರ್ ಆಗುತ್ತದೆ, ಅನುಪಾತ ಸುಮಾರು 19. ಅದೇ ಚಲನೆಗೆ 2.9 ಸುತ್ತಾದರೆ ಅನುಪಾತ 16ರ ಹತ್ತಿರ, 2.4 ಸುತ್ತಾದರೆ 13. ಗಮನಿಸಬೇಕಾದದ್ದು ಏನೆಂದರೆ, ಮೂರರಲ್ಲೂ ದಂಡದ ಚಲನೆ ಒಂದೇ ಆದ್ದರಿಂದ ಚಕ್ರ ತಿರುಗುವ ಗರಿಷ್ಠ ಕೋನವೂ ಒಂದೇ. ಶಾಸ್ ಹೇರ್‌ಪಿನ್‌ನಲ್ಲಿ 2.4 ಸುತ್ತಿನ ರ‍್ಯಾಕ್ ನಿಮ್ಮ ಕೈಗಳ ಓಡಾಟವನ್ನು ತಗ್ಗಿಸೀತೇ ಹೊರತು ಕಾರು ಇನ್ನೂ ಬಿಗಿಯಾಗಿ ತಿರುಗುವಂತೆ ಮಾಡಲಾರದು.

ಕೈಗೆ ಬೇಕಾಗುವ ಬಲ ಇದೇ ಲೆಕ್ಕದಲ್ಲಿ ಏರುತ್ತದೆ. ಮೂರೂವರೆಯಿಂದ 2.4ಕ್ಕೆ ಬಂದರೆ ಸುಮಾರು 46 ಪ್ರತಿಶತ ಹೆಚ್ಚು ಬಲ ಬೇಕು. ಅದರ ಮೇಲೆ 350 ಮಿಲಿಮೀಟರ್ ವ್ಯಾಸದ ಸ್ಟೀರಿಂಗ್ ಚಕ್ರದ ಬದಲು ಈ ಕಾರುಗಳಲ್ಲಿ ಬಳಸುವ 280 ಮಿಲಿಮೀಟರಿನ ಚಿಕ್ಕ ಚಕ್ರ ಹಾಕಿದರೆ ಒಟ್ಟು ಬಲ 1.8 ಪಟ್ಟಾಗುತ್ತದೆ. ಮುಂದಿನ ಆಕ್ಸಲ್ ಮೇಲೆ 300 ಕಿಲೋ ಇರುವ ಕಾರಿನಲ್ಲಿ ಇದನ್ನು ತಾಳಿಕೊಳ್ಳಬಹುದು, ಆದರೆ ಐವಿಎ ನೆನಪಿರಲಿ. ಎಸ್‌ವಿಎ ಎಂಬ ಹಳೆಯ ಪರೀಕ್ಷೆಯ ಬದಲಿಗೆ 2009ರಲ್ಲಿ ಬಂದ ಈ ಪರೀಕ್ಷೆಯಲ್ಲಿ, ತಿರುಗಿಸಿ ಬಿಟ್ಟ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆಯೇ ಎಂದು ನೋಡುತ್ತಾರೆ. ಹಗುರ ಕಾರುಗಳು ಮುಗ್ಗರಿಸುವುದು ಅಲ್ಲಿಯೇ. ಚಕ್ರ ತನ್ನನ್ನು ನೇರಗೊಳಿಸಿಕೊಳ್ಳುವಾಗ ದಂಡದ ಮೂಲಕ ಪಿನಿಯನ್ನನ್ನು ಹಿಂದಕ್ಕೆ ತಿರುಗಿಸಬೇಕು. ಆ ಬಲ ಹುಟ್ಟುವುದು ಮುಖ್ಯವಾಗಿ ಕ್ಯಾಸ್ಟರ್ ಕೋನದಿಂದ, ಅಂದರೆ ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನದಿಂದ. 5ರಿಂದ 7 ಡಿಗ್ರಿ ಕ್ಯಾಸ್ಟರ್ ಇಟ್ಟುಕೊಳ್ಳಿ. ಬ್ರ್ಯಾಕೆಟ್‌ಗಳು ಇನ್ನೂ ಟ್ಯಾಕ್‌ನಲ್ಲಿರುವುದು ಒಳ್ಳೆಯದೇ ಆಯಿತು. ಪ್ಯಾಡ್ ಬಿಗಿಯಾದ ರ‍್ಯಾಕ್, ಹಿಡಿಯುವ ಕಾಲಂ ಬುಷ್, ಗಟ್ಟಿ ಬಾಲ್ ಜಾಯಿಂಟ್ ಇವೆಲ್ಲ ಆ ಬಲವನ್ನು ತಿಂದುಹಾಕುತ್ತವೆ, ಆದ್ದರಿಂದ ಟೈ ರಾಡ್‌ಗಳನ್ನು ಬಿಚ್ಚಿಟ್ಟು ಕಾಲಂ ಮತ್ತು ರ‍್ಯಾಕ್ ಒಂದೇ ಬೆರಳಿಗೆ ತಿರುಗುತ್ತವೆಯೇ ಎಂದು ಮೊದಲೇ ನೋಡಿ.

ನನ್ನ ಆಯ್ಕೆ 2.9. ಮೋಟಾರುಮಾರ್ಗದಲ್ಲಿ 2.4 ಸುತ್ತಿನ ರ‍್ಯಾಕಿರುವ ಕಾರು ಸೀನಿದರೂ ಪಕ್ಕದ ಲೇನಿಗೆ ಹೋಗುತ್ತದೆ.

ಹಳೇ ಸ್ಪ್ಯಾನರ್

ಕೋನಮಾಪಕರ ಲೆಕ್ಕ ಸರಿಯಾಗಿದೆ, ತೀರ್ಮಾನದಲ್ಲಿ ಮಾತ್ರ ನನ್ನದು ಸ್ವಲ್ಪ ಬೇರೆ. ನಾನು ಮೂರೂವರೆ ಸುತ್ತಿನದನ್ನೇ ಬಳಸುತ್ತಿದ್ದೇನೆ. ಈ ಕಾರಿನಲ್ಲಿ ಪಾರ್ಕಿಂಗ್ ಬಿಟ್ಟರೆ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸುವ ಸಂದರ್ಭವೇ ರಸ್ತೆಯಲ್ಲಿ ಬರುವುದು ಕಡಿಮೆ, ಅದು ಹಾಯಾಗಿಯೂ ಇದೆ. ಟ್ರ್ಯಾಕ್ ಮುಖ್ಯವೆನ್ನುವವರಿಗೆ 2.9 ಒಪ್ಪುತ್ತದೆ.

ರ‍್ಯಾಕ್ ಯಾವುದಾದರೂ ಇರಲಿ, ಅದನ್ನು ರಬ್ಬರ್ ಬ್ಲಾಕ್‌ಗಳ ಬದಲು ಅಲ್ಯೂಮಿನಿಯಂ ಬ್ಲಾಕ್‌ಗಳಲ್ಲಿ ಹಿಡಿಸಿ. ರಬ್ಬರಿನಲ್ಲಿ ಹಿಡಿದ ರ‍್ಯಾಕ್ ತಿರುವಿನಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ. ನೀವು ಅಳೆದು ಕೂರಿಸಿದ ಬಿಂದುಗಳು ಆಗ ಅಳೆದ ಜಾಗದಲ್ಲಿರುವುದಿಲ್ಲ. ಕಾಲಂನ ಹಾದಿಯನ್ನೂ ರ‍್ಯಾಕ್ ಕೊಳ್ಳುವ ಮೊದಲೇ ನೋಡಿಕೊಳ್ಳಿ, ಜೆಟೆಕ್‌ನ ಎಕ್ಸಾಸ್ಟ್ ಪೈಪುಗಳು ಆ ಜಾಗಕ್ಕೇ ಬಂದು ನಿಲ್ಲುವ ಸಾಧ್ಯತೆಯಿದೆ. ಕಾಲಂ ಬಾಗುವಲ್ಲಿ ಹಾಕುವ ಯೂನಿವರ್ಸಲ್ ಜಾಯಿಂಟ್ ಒಂದೇ ಇದ್ದು 30 ಡಿಗ್ರಿಯಲ್ಲಿ ಬಾಗಿದ್ದರೆ ಸ್ಟೀರಿಂಗ್‌ನ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಸುಮಾರು 15 ಪ್ರತಿಶತ ಏರಿ, ಎರಡು ಸಲ ಸುಮಾರು 13 ಪ್ರತಿಶತ ಇಳಿಯುತ್ತದೆ. ಎರಡು ಜಾಯಿಂಟ್‌ಗಳನ್ನು ಸಮ ಕೋನದಲ್ಲಿ, ನಡುವಿನ ಶಾಫ್ಟ್‌ನ ಎರಡೂ ತುದಿಯ ಕವಲುಗಳು ಒಂದೇ ಸಮತಲದಲ್ಲಿರುವಂತೆ ಜೋಡಿಸಿದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಅಪಘಾತವಾದರೆ ಕಾಲಂ ಎದೆಗೆ ನುಗ್ಗದಂತೆ ಮಡಿಸಿಕೊಳ್ಳುವುದಕ್ಕೂ ಈ ಎರಡು ಮುರಿವುಗಳು ನೆರವಾಗುತ್ತವೆ.

ಕಾವೆಂಟ್ರಿ ಕನ್ನಡಿಗ

ಎಲ್ಲರಿಗೂ ಧನ್ಯವಾದಗಳು. ಪ್ಲೈವುಡ್ ಹಲಗೆಯ ಮೇಲೆ ಗೆರೆ ಎಳೆದು ನೋಡಿದೆ: ಎಸ್ಕಾರ್ಟ್ ರ‍್ಯಾಕ್‌ನ ಅಗಲ ನನ್ನ ಬ್ರ್ಯಾಕೆಟ್‌ಗಳಿಗೆ ಬಹುಮಟ್ಟಿಗೆ ಹೊಂದುತ್ತದೆ, ಎಕ್ಸ್‌ಟೆಂಡರ್ ಬೇಕಾಗಲಿಲ್ಲ. ಎಂಎಕ್ಸ್-5 ರ‍್ಯಾಕ್ ಬೇಡವೆಂದು ಪರಿಚಿತರಿಗೆ ತಿಳಿಸಿ, 2.9 ಸುತ್ತಿನ ಎಸ್ಕಾರ್ಟ್ ರ‍್ಯಾಕನ್ನೂ ಅದರ ಪಿನಿಯನ್‌ಗೆ ಹೊಂದುವ ಕೆಳಗಿನ ಜಾಯಿಂಟನ್ನೂ ಒಟ್ಟಿಗೇ ತರಿಸಿಕೊಂಡೆ.

ಬ್ರ್ಯಾಕೆಟ್‌ಗಳು ಟ್ಯಾಕ್‌ನಲ್ಲಿರುವಾಗಲೇ ಬಂಪ್ ಸ್ಟಿಯರ್ ಅಳೆದೆ. ಹಬ್‌ಗೆ ಚಪ್ಪಟೆ ಹಲಗೆಯೊಂದನ್ನು ಬೋಲ್ಟ್ ಮಾಡಿ, ಅದರ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಒಂದೊಂದು ಡಯಲ್ ಗೇಜ್ ತಾಗಿಸಿ, ಜ್ಯಾಕ್‌ನಿಂದ ಹತ್ತತ್ತು ಮಿಲಿಮೀಟರ್ ಏರಿಸುತ್ತಾ ಬರೆದುಕೊಂಡೆ. ಮೇಲೇರಿದಾಗ ಟೋ-ಇನ್ (ಚಕ್ರದ ಮುಂಭಾಗ ಒಳಕ್ಕೆ), ಕೆಳಗಿಳಿದಾಗ ಟೋ-ಔಟ್ (ಮುಂಭಾಗ ಹೊರಕ್ಕೆ), ಗ್ರಾಫಿನಲ್ಲಿ ಬಹುತೇಕ ನೇರ ರೇಖೆ. ಇದರ ಅರ್ಥವೇನು?

ಕೋನಮಾಪಕ

ಅಗಲ ಸರಿಯಿದೆ, ಎತ್ತರ ತಪ್ಪಿದೆ ಎಂದರ್ಥ. ಟೈ ರಾಡ್ ಉದ್ದದಲ್ಲಿ ದೋಷವಿದ್ದರೆ ಗ್ರಾಫ್ ಬಾಗುತ್ತಿತ್ತು: ರ‍್ಯಾಕ್ ಮುಂದಿರುವ ಕಾರಿನಲ್ಲಿ ಟೈ ರಾಡ್ ಗಿಡ್ಡವಾಗಿದ್ದರೆ ಚಕ್ರ ಮೇಲೇರಿದಾಗಲೂ ಕೆಳಗಿಳಿದಾಗಲೂ ಟೋ-ಇನ್ ಆಗುತ್ತದೆ. ನಿಮ್ಮದು ಓರೆಯಾದ ನೇರ ರೇಖೆ. ಮೇಲೇರಿದಾಗ ಟೋ-ಇನ್ ಆಗುತ್ತಿರುವುದರಿಂದ ಟೈ ರಾಡ್‌ನ ಒಳತುದಿ ಇರಬೇಕಾದ್ದಕ್ಕಿಂತ ಕೆಳಗಿದೆ. ರ‍್ಯಾಕ್‌ನ ಬ್ಲಾಕ್‌ಗಳ ಕೆಳಗೆ ತೆಳು ಶಿಮ್‌ಗಳನ್ನಿಟ್ಟು ಎತ್ತರಿಸುತ್ತಾ ಮತ್ತೆ ಅಳೆಯಿರಿ. ಎರಡೂ ಬದಿಗೆ ಒಂದೇ ದಪ್ಪದ ಶಿಮ್ ಇರಲಿ, ಆದರೆ ಎರಡೂ ಚಕ್ರಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ಮನೆಯಲ್ಲಿ ವೆಲ್ಡ್ ಮಾಡಿದ ಚಾಸಿಯ ಎರಡು ಬದಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುವುದು ಅಪರೂಪ.

ಕಾವೆಂಟ್ರಿ ಕನ್ನಡಿಗ

3 ಮಿಲಿಮೀಟರ್ ಶಿಮ್‌ಗೆ ಬಲಬದಿಯ ರೇಖೆ ನೆಟ್ಟಗಾಯಿತು; ಎಡಬದಿಯಲ್ಲಿ ಅರ್ಧ ಮಿಲಿಮೀಟರಿನೊಳಗೆ ಉಳಿದಿದೆ, ಅದನ್ನು ಟೈ ರಾಡ್‌ನ ಹೊರತುದಿಯಲ್ಲಿ ವಾಷರ್ ಇಟ್ಟು ಸರಿಪಡಿಸಬಹುದೆನಿಸುತ್ತದೆ. ಕ್ಯಾಸ್ಟರ್ 6 ಡಿಗ್ರಿಗೆ ಬಂದಿದೆ. ಈ ವಾರ ಬ್ರ್ಯಾಕೆಟ್‌ಗಳಿಗೆ ಪೂರ್ತಿ ವೆಲ್ಡಿಂಗ್ ಹಾಕುತ್ತೇನೆ.